ನಿಂಬೆಹಣ್ಣು ಬಿಚ್ಚಿದ ಮೇಲೆ


*ಇಂದಿನ ಧಮ್ಮ ಚಿಂತನೆ: ಅಪ್ಪಮಾದ, ಅಂದರೆ ಎಚ್ಚರ*

ಧಮ್ಮ ಬಂಧುಗಳೇ,

ಕಳೆದ ಧಮ್ಮಚಕ್ರ ಪ್ರವರ್ತನ ದಿನದಂದು ಮನೆಯವರೆಲ್ಲ ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗಿದ್ದೆವು. ವಂದನೆ ಮುಗಿಸಿ ಊರಿಗೆ ಹೊರಟಾಗ ರಾತ್ರಿಯಾಗಿತ್ತು. ಜೇವರ್ಗಿ ರಸ್ತೆಯಲ್ಲಿ ಪಕ್ಕದಲ್ಲಿ ಕುಳಿತಿದ್ದ ತಂಗಿಯ ಮಗ "ಮಾಮಾ, ಬ್ರೇಕ್!" ಎಂದು ಕೂಗಿದ. ಒತ್ತಿದೆ. ಗಾಡಿ ನಿಂತ ಜಾಗದಿಂದ ಎರಡು ಮಾರು ಮುಂದೆ ಒಬ್ಬ ತಾಯಿ. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು. ಕೂಲಿ ಮುಗಿಸಿ ಮನೆಗೆ ನಡೆದು ಹೊರಟವರು. ನನಗೆ ಅವರು ಕಂಡೇ ಇರಲಿಲ್ಲ.

ಬೆಳಿಗ್ಗೆ ಗಾಡಿಯ ಮುಂದೆ ನಿಂತು ನೋಡಿದೆ. ಹನ್ನೆರಡು ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್. ಆದರೂ ನಮ್ಮ ಮನೆತನಕ್ಕೇ ಮೊದಲ ಕಾರು. ಹಿಂದಿನ ಗಾಜಿನ 'ಜೈ ಭೀಮ್' ಸ್ಟಿಕ್ಕರನ್ನು ಪ್ರತಿ ಭಾನುವಾರ ಒರೆಸುತ್ತೇನೆ. ಅದು ಹೊಳೆಯುತ್ತಿತ್ತು. ಮುಂದಿನ ಹೆಡ್‌ಲೈಟ್‌ಗಳೆರಡೂ ಪೊರೆ ಬಂದ ಕಣ್ಣಿನಂತೆ ಹಳದಿಯಾಗಿದ್ದವು.

ಬಲ್ಬ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅದರ ಮುಂದಿನ ಮುಚ್ಚಳ. ನಾವು ಗಾಜು ಅನ್ನುತ್ತೇವೆ, ಆದರೆ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲಿನ ತೆಳುವಾದ ರಕ್ಷಣೆಯ ಲೇಪ ವರ್ಷಗಟ್ಟಲೆ ಬಿಸಿಲು, ಧೂಳು ತಾಗಿ ಸವೆಯುತ್ತದೆ. ಆಮೇಲೆ ಪ್ಲಾಸ್ಟಿಕ್ಕೇ ಮಂಜಾಗುತ್ತದೆ. ಅಮೆರಿಕದ ವಾಹನ ಸವಾರರ ಸಂಘಟನೆ ಎಎಎ 2018ರಲ್ಲಿ ಪರೀಕ್ಷಿಸಿದಾಗ ಇಂಥ ಹಳೆಯ ಹೆಡ್‌ಲೈಟ್‌ಗಳು ಹೊಸದರ ಶೇ. 22ರಷ್ಟು ಬೆಳಕನ್ನು ಮಾತ್ರ ಕೊಟ್ಟವು. ರಸ್ತೆಗೆ ಬೀಳಬೇಕಾದ ಬೆಳಕು ಚದುರಿ ಎದುರಿನವರ ಕಣ್ಣಿಗೂ ಹೊಡೆಯುತ್ತದೆ. ಮಂಜು ದಿನಕ್ಕಿಷ್ಟಿಷ್ಟೇ ಕಟ್ಟುವುದರಿಂದ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ.

ಬಂಧುಗಳೇ, ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳ ದಾರಿ ಹಿಡಿದ ಮೇಲೆ ನಾವು ಗಾಡಿಗೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ಬಿಚ್ಚಿ ಹಾಕಿದೆವು. ಒಳ್ಳೆಯದೇ. ಆದರೆ ಬಿಚ್ಚಿದ ಜಾಗದಲ್ಲಿ ಏನನ್ನು ಇಟ್ಟೆವು? ಕೆಟ್ಟ ದೃಷ್ಟಿಗೆ ಹೆದರುವವನು ನಿಂಬೆಹಣ್ಣನ್ನಾದರೂ ಕಟ್ಟುತ್ತಾನೆ. ದೃಷ್ಟಿ ತಾಗುವುದು ಸುಳ್ಳೆಂದು ತಿಳಿದ ನಾನು ಏನೂ ಮಾಡದೆ ಕುಳಿತಿದ್ದೆ. ಮೂಢನಂಬಿಕೆ ಬಿಡುವುದು ಅರ್ಧ ದಾರಿ. ಕಾರಣ ಹುಡುಕಿ ಅದನ್ನು ಸರಿಪಡಿಸುವುದು ಉಳಿದರ್ಧ. ತಥಾಗತರು ತಮ್ಮ ಕೊನೆಯ ಗಳಿಗೆಯಲ್ಲಿ ಭಿಕ್ಕುಗಳಿಗೆ ಹೇಳಿದ್ದೂ ಅಪ್ಪಮಾದವನ್ನೇ.

ಮೊದಲ ಶೀಲವನ್ನು ನಾವು ದಿನವೂ ಹೇಳುತ್ತೇವೆ. ಕೊಲ್ಲುವ ಮನಸ್ಸು ನನಗೆ ಇರಲಿಲ್ಲ, ನಿಜ. ಆದರೆ ಕತ್ತಲಲ್ಲಿದ್ದ ಆ ತಾಯಿಯನ್ನು ನನ್ನ ಒಳ್ಳೆಯ ಮನಸ್ಸು ಕಾಯಲಿಲ್ಲ, ಹುಡುಗನ ಕಣ್ಣು ಕಾಯಿತು. ರಾತ್ರಿ ರಸ್ತೆಯ ಅಂಚಿನಲ್ಲಿ ನಡೆಯುವವರು ಯಾರು? ನಮ್ಮಪ್ಪ ಬದುಕಿಡೀ ಹಾಗೇ ನಡೆದವರು. ನಾವು ಕಾರಿನೊಳಗೆ ಕುಳಿತ ಮೇಲೆ ನಡೆಯುವವರು ಕಾಣದೆ ಹೋದರೆ, ನಾವು ಏರಿದ್ದಕ್ಕೆ ಏನರ್ಥ?

*ಇಂದಿನ ಅಭ್ಯಾಸ*

🔹 ಸಂಜೆ ಗಾಡಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಲೈಟ್ ಹಾಕಿ, ಇಳಿದು ನೋಡಿ.
🔹 ಮಂಜು ಹೊರಗಿದ್ದರೆ ನೀರು ಹಾಕಿ ಸ್ಯಾಂಡ್ ಪೇಪರ್‌ನಿಂದ ಉಜ್ಜಿಸಿ, ಪಾಲಿಶ್ ಮಾಡಿಸಿ, ಮೇಲೆ ಬಿಸಿಲು ತಡೆಯುವ ಯುವಿ ಲೇಪ ಹಾಕಿಸಿ. ಲೇಪವಿಲ್ಲದೆ ಟೂತ್‌ಪೇಸ್ಟ್ ಉಜ್ಜಿದರೆ ಕೆಲವು ದಿನದ ಹೊಳಪು ಅಷ್ಟೇ.
🔹 ಒಳಗೆ ನೀರಿನ ಹನಿ ಕಟ್ಟಿದ್ದರೆ ಸೀಲ್ ಹೋಗಿರುತ್ತದೆ. ಮೆಕ್ಯಾನಿಕ್‌ಗೆ ತೋರಿಸಿ.
🔹 ಹೆಚ್ಚು ವಾಟ್‌ನ ಬಲ್ಬ್ ಹಾಕಬೇಡಿ. ಪೊರೆ ಹಾಗೇ ಉಳಿದು, ಎದುರಿನವರ ಕಣ್ಣು ಕುಕ್ಕುತ್ತದೆ.
🔹 ಸರಿಯಾಗುವ ತನಕ ರಾತ್ರಿ ಓಡಿಸಬೇಡಿ. ಓಡಿಸಲೇಬೇಕಾದರೆ ನಿಧಾನವಾಗಿ ಹೋಗಿ.

ನಮ್ಮ ಮಂಜು ನಮಗಿಂತ ಮೊದಲು ಎದುರಿಗಿರುವವರಿಗೆ ಕಾಣುತ್ತದೆ. "ಅಣ್ಣಾ, ನಿಮ್ಮ ಲೈಟ್ ಮಂದವಾಗಿದೆ" ಎಂದು ಹೇಳುವವನೇ ಕಲ್ಯಾಣಮಿತ್ರ. ಅವನ ಮೇಲೆ ಸಿಟ್ಟಾಗಬೇಡಿ. ಗಾಡಿಯ ವಿಷಯಕ್ಕೂ ಸರಿ, ಸ್ವಭಾವದ ವಿಷಯಕ್ಕೂ ಸರಿ.

ಸಬ್ಬೇ ಸತ್ತಾ ಸುಖೀ ಹೋಂತು.
ಜೈ ಭೀಮ್ 💙