ಅಧಿಕಾರ ಹೋದವನ ಮನೆ

(೨ ಸಮುವೇಲ ೯ನೇ ಅಧ್ಯಾಯವನ್ನು ಓದಿಕೊಳ್ಳಿರಿ.)

ಅರಸನಾದ ಸೌಲನೂ ಅವನ ಮಗನಾದ ಯೋನಾತಾನನೂ ಯುದ್ಧದಲ್ಲಿ ಮಡಿದರೆಂಬ ಸುದ್ದಿಯು ಬಂದಾಗ ಯೋನಾತಾನನ ಮಗನಾದ ಮೆಫೀಬೋಶೆತನು ಐದು ವರುಷದ ಕೂಸಾಗಿದ್ದನು. ದಾದಿಯು ಅವನನ್ನು ಎತ್ತಿಕೊಂಡು ಓಡುವಾಗ ಕೂಸು ಕೆಳಗೆ ಬಿದ್ದು ಎರಡು ಕಾಲುಗಳೂ ಕುಂಟಾದವು. ಆಕೆಯು ಯಾಕೆ ಅಷ್ಟು ಅವಸರದಿಂದ ಓಡಿದಳು? ಪಟ್ಟ ಹೋದ ಮನೆಯಲ್ಲಿ ಕೂಸಿಗೂ ಉಳಿವಿಲ್ಲವೆಂಬದು ಆ ಕಾಲದಲ್ಲಿ ದಾದಿಯರಿಗೂ ತಿಳಿದ ಮಾತಾಗಿತ್ತು.

ಇದು ಇಸ್ರಾಯೇಲ್ ದೇಶದ ಮಾತು ಮಾತ್ರವಲ್ಲ; ನಮ್ಮ ನಾಡಿನಲ್ಲಿಯೂ ಹಾಗೆಯೇ ಇತ್ತು. ೧೫೬೫ನೇ ಇಸವಿಯ ಜನವರಿ ತಿಂಗಳಲ್ಲಿ ತಾಳಿಕೋಟೆಯ ಯುದ್ಧವಾದಾಗ, ವಿಜಯನಗರದ ಆಡಳಿತವನ್ನೆಲ್ಲಾ ಕೈಯಲ್ಲಿ ಹಿಡಿದಿದ್ದ ಅಳಿಯ ರಾಮರಾಯನು ರಣದಲ್ಲಿ ಸೆರೆಸಿಕ್ಕನು. ಆ ವೃದ್ಧನ ತಲೆಯನ್ನು ಕಡಿದುಬಿಟ್ಟರು. ಸೋಲು ಅವನೊಬ್ಬನದಾಗಿ ಉಳಿಯಲಿಲ್ಲ. ಅವನ ತಮ್ಮನಾದ ತಿರುಮಲನು ಭಂಡಾರವನ್ನು ಹೇರಿಕೊಂಡು ಪೆನುಗೊಂಡೆಗೆ ಹೋದ ಮೇಲೆ ಕಾಯುವವರಿಲ್ಲದ ಪಟ್ಟಣವು ಸೂರೆಯಾಯಿತು. ಹಂಪಿಯ ಹಾಳು ಗೋಡೆಗಳು ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿವೆ.

೧೬೧೪ರಲ್ಲಿ ಅದೇ ಮನೆತನದ ಶ್ರೀರಂಗರಾಯನು ಪಟ್ಟವೇರಿದ ಸ್ವಲ್ಪ ಕಾಲದಲ್ಲಿಯೇ ಜಗ್ಗರಾಯನೆಂಬ ಸರದಾರನ ಕೈಯಲ್ಲಿ ಸೆರೆಯಾಗಿ, ಕುಟುಂಬ ಸಮೇತ ಅಳಿದುಹೋದನು. ಒಬ್ಬ ಬಾಲಕನು ಮಾತ್ರ ಉಳಿದನು. ಒಬ್ಬ ಅಗಸನ ಸಹಾಯದಿಂದ ಅವನನ್ನು ಗುಪ್ತವಾಗಿ ಹೊರಗೆ ಸಾಗಿಸಿದರೆಂದು ಆ ಕಾಲದ ಪೋರ್ತುಗೀಸ ಪಾದ್ರಿಯೊಬ್ಬನ ಬರಹದಿಂದ ತಿಳಿಯುತ್ತದೆ. ಅಲ್ಲಿ ದಾದಿ, ಇಲ್ಲಿ ಅಗಸ! ದೊಡ್ಡವರು ಕೊಲ್ಲುವದಕ್ಕೆ ಹುಡುಕಿದ ಕೂಸುಗಳನ್ನು ಚಿಕ್ಕವರು ಬದುಕಿಸಿದರು.

ಧಾರವಾಡಕ್ಕೆ ಸಮೀಪವಾದ ಕಿತ್ತೂರಿನ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ದೊರೆಗೆ ಮಗನಿಲ್ಲವೆಂದೂ ದತ್ತಕವು ಸಲ್ಲದೆಂದೂ ಹೇಳಿ ಕಂಪನಿ ಸರಕಾರವು ೧೮೨೪ರಲ್ಲಿ ಆ ಸಂಸ್ಥಾನವನ್ನು ಕಸಿದುಕೊಂಡಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿಯೇ ೧೮೨೯ರಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಹಾಗೆ ಮಾಡಿದವರು ಕ್ರಿಸ್ತನ ಹೆಸರನ್ನು ಹೇಳಿಕೊಳ್ಳುವವರೇ ಆಗಿದ್ದರೆಂಬದನ್ನು ನಾವು ಮರೆಯಬಾರದು.

ಈಗ ನಮ್ಮ ಕಾಲಕ್ಕೆ ಬರೋಣ. ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದಿಂದ ಆರಿಸಲ್ಪಟ್ಟು ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಸರಕಾರವು ೧೯೮೯ನೇ ಏಪ್ರಿಲ್ ೨೧ರಂದು ವಜಾ ಮಾಡಲ್ಪಟ್ಟಿತು. ತಮ್ಮ ಬಹುಮತವನ್ನು ಶಾಸನಸಭೆಯಲ್ಲಿಯೇ ಪರೀಕ್ಷಿಸಬೇಕೆಂದು ಅವರು ಬೇಡಿಕೊಂಡರೂ ಅದು ನಡೆಯಲಿಲ್ಲ. ಇದು ಅನ್ಯಾಯವೇ ಸರಿ. ಆದರೆ ಯಾರೂ ಅವರ ಮೇಲೆ ಕತ್ತಿಯನ್ನೆತ್ತಲಿಲ್ಲ. ಅವರ ಮನೆಯಿಂದ ಯಾವ ದಾದಿಯೂ ಕೂಸನ್ನೆತ್ತಿಕೊಂಡು ಓಡಲಿಲ್ಲ. ಅವರೂ ದಂಡು ಕೂಡಿಸದೆ ನ್ಯಾಯಾಲಯದ ಬಾಗಿಲಿಗೆ ಹೋದರು. ೧೯೯೪ನೇ ಮಾರ್ಚ್ ೧೧ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಕರ್ನಾಟಕದಲ್ಲಿ ನಡೆದದ್ದು ಸಂವಿಧಾನಕ್ಕೆ ವಿರುದ್ಧವೆಂದೂ, ಸರಕಾರದ ಬಲವನ್ನು ಸಭೆಯಲ್ಲಿಯೇ ಪರೀಕ್ಷಿಸತಕ್ಕದ್ದೆಂದೂ ತೀರ್ಪು ಕೊಟ್ಟಿತು. ಹೋದ ಪದವಿಯು ಅವರಿಗೆ ಮರಳಿ ಸಿಕ್ಕಲಿಲ್ಲ. ಆದರೂ ಆ ತೀರ್ಪು ಹಿಂದಿನಿಂದ ಬಂದವರಿಗೆ ಬೇಲಿಯಾಯಿತು. ೧೯೯೬ರಲ್ಲಿ ಅವರು ಕೇಂದ್ರದಲ್ಲಿ ಮಂತ್ರಿಗಳಾದರು. ಅವರ ಮಗ ಬಸವರಾಜ ಬೊಮ್ಮಾಯಿಯವರು ೨೦೨೧ರಲ್ಲಿ ತಂದೆಯ ಪದವಿಯನ್ನೇರಿ, ೨೦೨೩ರಲ್ಲಿ ಪಕ್ಷವು ಸೋತಾಗ ರಾಜೀನಾಮೆ ಕೊಟ್ಟು ಇಳಿದು, ಮರುವರುಷ ಹಾವೇರಿಯಿಂದ ಲೋಕಸಭೆಗೆ ಹೋದರು.

ಹಾಗಾದರೆ ಮನುಷ್ಯನ ಹೃದಯವು ಮೊದಲಿಗಿಂತ ಒಳ್ಳೇದಾಯಿತೋ? ಹಾಗಲ್ಲ, ಪ್ರಿಯರೇ. ಪೂರ್ವದಲ್ಲಿ ಅಧಿಕಾರವು ವಂಶದ ಹೊಲದಂತೆ ಇತ್ತು. ಅದನ್ನು ಪಡೆಯಬೇಕಾದರೆ ಒಡೆಯನನ್ನೂ ಅವನ ಸಂತಾನವನ್ನೂ ಅಳಿಸಬೇಕಾಗಿತ್ತು. ಇಂದು ಅದು ಐದು ವರುಷದ ಲಾವಣಿಯ ಹೊಲದಂತಿದೆ. ಕರಾರು ಮುಗಿದ ಮೇಲೆ ರೈತನು ತನ್ನ ನೇಗಿಲನ್ನೆತ್ತಿಕೊಂಡು ಮನೆಗೆ ಹೋಗಬಹುದು. ಕಾನೂನು ಕತ್ತಿಯನ್ನು ಒರೆಗೆ ಸೇರಿಸಿದೆ. ಆದರೆ ಎದೆಯೊಳಗಿನ ಕತ್ತಿಯನ್ನು ಕಸಿದುಕೊಳ್ಳುವದು ಕಾನೂನಿಗೆ ಆಗದ ಕೆಲಸ.

ನಮ್ಮ ಹಳ್ಳಿಗಳನ್ನೇ ನೋಡೋಣ. ಪಂಚಾಯತಿಯ ಚುನಾವಣೆಯು ಮುಗಿದ ದಿವಸ ಸೋತವನ ಬಾಗಿಲ ಮುಂದೆ ಪಟಾಕಿ ಹಾರಿಸಿದವರು ಯಾರು? ಅವನ ಹೊಲದ ದಾರಿಗೆ ಮುಳ್ಳು ಹಚ್ಚಿದಾಗ ಸುಮ್ಮನಿದ್ದವರು ಯಾರು? ನಿನ್ನೆ ಅವನ ಕಟ್ಟೆಯ ಮೇಲೆ ಕೂತು ಚಹ ಕುಡಿದು, ಇಂದು ಅವನನ್ನು ಕಂಡು ಓಣಿ ಬದಲಿಸಿದವರು ಯಾರು? ನಾವೇ ಅಲ್ಲವೇ? ಸಭೆಯ ಹಿರಿಯರ ಆಯ್ಕೆಯಲ್ಲಿ ಸೋತ ಸಹೋದರನು ಆದಿತ್ಯವಾರದ ಆರಾಧನೆಗೆ ಬರುವದನ್ನು ಬಿಟ್ಟಾಗ, ಬಿಟ್ಟರೆ ಬಿಡಲೆಂದು ಹೇಳಿದವರೂ ನಾವೇ. ಸೋತವರಾಗಿ ವರುಷಗಟ್ಟಲೆ ಹಗೆಯನ್ನು ಸಾಕಿಕೊಂಡವರೂ ನಾವೇ. ಇಂದು ಸೋತವನ ಪ್ರಾಣವು ಉಳಿಯುತ್ತದೆ, ನಿಜ; ಆದರೆ ನೆರೆಯವರ ನಡುವೆ ಅವನು ಸತ್ತವನಂತೆ ಇರುವದಾದರೆ ನಾವು ಹೆಚ್ಚಳಪಡುವದು ಯಾವದರಲ್ಲಿ?

ದಾವೀದನು ಏನು ಮಾಡಿದನು? ಪಟ್ಟವು ಸ್ಥಿರವಾದ ಮೇಲೆ, ಸೌಲನ ಮನೆಯವರಲ್ಲಿ ಯಾರಾದರೂ ಉಳಿದಿದ್ದಾರೋ ಎಂದು ವಿಚಾರಿಸಿದನು. ಬೇರೆ ಅರಸರೂ ಹೀಗೆಯೇ ವಿಚಾರಿಸುತ್ತಿದ್ದರು, ಆದರೆ ಕೊಲ್ಲುವದಕ್ಕಾಗಿ. ದಾವೀದನು ಯೋನಾತಾನನ ನಿಮಿತ್ತ ದಯೆ ತೋರಿಸುವದಕ್ಕಾಗಿ ಕೇಳಿದನು. ನಡುಗುತ್ತಾ ಬಂದು ಅಡ್ಡಬಿದ್ದ ಆ ಕುಂಟನಿಗೆ ಅಜ್ಜನ ಭೂಮಿಯನ್ನು ತಿರಿಗಿ ಕೊಟ್ಟು, ಪ್ರತಿದಿನವೂ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸಿದನು. ಕಾಲುಗಳು ನೆಟ್ಟಗಾಗಲಿಲ್ಲ; ಆದರೆ ಹೆದರಿಕೆ ಹೋಯಿತು.

ಆದದರಿಂದ ಈ ವಾರದಲ್ಲಿ ನಮ್ಮ ಊರಿನಲ್ಲಿ ಅಧಿಕಾರ ಕಳೆದುಕೊಂಡವನ ಮನೆಗೆ ಹೋಗೋಣ. ಅವನು ನಮ್ಮ ಪಕ್ಷದವನೋ, ನಮ್ಮ ಸಭೆಯವನೋ ಎಂದು ಕೇಳದೆ ಅವನ ಮನೆಯ ರೊಟ್ಟಿಯನ್ನು ತಿಂದು, ಅವನನ್ನು ನಮ್ಮ ಮನೆಗೂ ಕರೆದು ಬರೋಣ. ಎಲ್ಲಾ ಪಟ್ಟಗಳನ್ನು ಕೊಡುವವನೂ ತೆಗೆಯುವವನೂ ಆದ ದೇವರು ನಮಗೆ ಗೆದ್ದಾಗ ದಯೆಯನ್ನೂ ಸೋತಾಗ ತಾಳ್ಮೆಯನ್ನೂ ಅನುಗ್ರಹಿಸಲಿ. ಆಮೆನ್.