ಮೂಲ ಧಾಟಿ ಯಾರದು?

ಶರೀಫಜ್ಜನ ಪದಕ್ಕೆ ಗಿಟಾರು ಕೂಡಿಸಿದರೆ ಪದ ಕೆಡುತ್ತದೆಯೇ? 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತನ್ನ ಮೊದಲ ಆಲ್ಬಮ್ಮಿನಲ್ಲಿ ‘ಸೋರುತಿಹುದು ಮನೆಯ ಮಾಳಿಗಿ’, ‘ಗುಡುಗುಡಿಯ ಸೇದಿ ನೋಡೋ’ ಎರಡನ್ನೂ ರಾಕ್ ಮಾಡಿ ಹಾಡಿತು. ಮೂಲ ಧಾಟಿ ಹಾಳಾಯಿತು ಎನ್ನುವವರು ಇಂದಿಗೂ ಇದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ. ಅದು ನಿಂತಿರುವ ನೆಲ ಮಾತ್ರ ಗಟ್ಟಿಯಿಲ್ಲ.

ಮೊದಲು ಹೊರಗಿನದೊಂದು ಉದಾಹರಣೆ ನೋಡೋಣ. ಅಮೆರಿಕದ ವೆನಿಲಾ ಫಡ್ಜ್ ಎಂಬ ಸೈಕೆಡೆಲಿಕ್ ರಾಕ್ ತಂಡ 1967ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನಲ್ಲಿ ಇದ್ದವೆಲ್ಲ ಹೆಚ್ಚುಕಡಿಮೆ ಪರರ ಹಾಡುಗಳೇ. ಸುಪ್ರೀಮ್ಸ್ ತಂಡದ ಹೆಣ್ಣುಮಕ್ಕಳು ಹಿಂದಿನ ವರ್ಷ ಮೂರು ನಿಮಿಷದೊಳಗೆ ಹಾಡಿ ಮುಗಿಸಿದ್ದ ಕುಣಿತದ ಹಾಡೊಂದನ್ನು ಇವರು ಏಳು ನಿಮಿಷದಷ್ಟು ಎಳೆದರು, ಆರ್ಗನ್ನಿನ ಭಾರ ಹೇರಿದರು. ಪ್ರೀತಿಸಲೂ ಒಲ್ಲದ, ಬಿಡಲೂ ಒಲ್ಲದವನ ಕೈಯಿಂದ ಬಿಡುಗಡೆ ಬೇಡುವ ಹಾಡು ಅದು. ಕುಣಿಯುತ್ತಿದ್ದವರಿಗೆ ಕೇಳದೆ ಹೋಗಿದ್ದ ಸಂಕಟ ಲಯ ನಿಧಾನವಾದಾಗ ಕೇಳಿಸಿತು. ಇದನ್ನು ನಾನು ವಿಮರ್ಶೆ ಎಂದೇ ಕರೆಯುತ್ತೇನೆ. ಸುಪ್ರೀಮ್ಸ್ ಹಾಡಿದ್ದಕ್ಕೆ ಇದರಿಂದ ಕೂದಲೂ ಕೊಂಕಲಿಲ್ಲ. ಆ ತಟ್ಟೆ ಇದ್ದಲ್ಲೇ ಇದೆ, ಬೇಕಾದವರು ಎರಡನ್ನೂ ಹಾಕಿ ಕೇಳಬಹುದು.

ಶರೀಫರ ಸಂಗತಿ ಬೇರೆ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಅವರು ತೀರಿಕೊಂಡದ್ದು 1889ರಲ್ಲಿ. ಭಾರತದಲ್ಲಿ ಗ್ರಾಮೊಫೋನಿಗೆ ಹಾಡು ಹಿಡಿದದ್ದು 1902ರಲ್ಲಿ. ಅಜ್ಜನ ದನಿ ಯಾವ ತಟ್ಟೆಯಲ್ಲೂ ಇಲ್ಲ. ಹಾಗಾದರೆ ದೂರುವವರ ಕಿವಿಯಲ್ಲಿರುವ ‘ಮೂಲ’ ಯಾವುದು? ಬಹುಮಟ್ಟಿಗೆ ಅದು ಸಿ. ಅಶ್ವತ್ಥ್ ಅವರದು. ಅವರ ಕ್ಯಾಸೆಟ್ಟುಗಳು, ಅವರೇ ಸಂಗೀತ ಕೊಟ್ಟ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ, ಇವು ನಾಡಿಗೆಲ್ಲ ಹಂಚಿದ ಧಾಟಿ. ಹಾರ್ಮೋನಿಯಂ, ತಬಲ ಕೂಡಿಸಿ ಅಶ್ವತ್ಥ್ ಮಾಡಿದ್ದೂ ಒಂದು ಮರುಕಟ್ಟಣೆಯೇ. ಅದು ನಮಗೆ ಮೊದಲು ಕೇಳಿಸಿತು, ಅಷ್ಟೇ. ಶರೀಫರಾದರೂ ಮೊಹರಮ್ಮಿನ ಹೆಜ್ಜೆಮೇಳದವರಿಗೆ ರಿವಾಯತ ಪದ ಕಟ್ಟಿಕೊಟ್ಟವರು. ಊರಲ್ಲಿ ಆಗಲೇ ಓಡಾಡುತ್ತಿದ್ದ ಮಟ್ಟುಗಳನ್ನು ಮುಟ್ಟಲು ಅವರೇನು ಮಡಿ ಮಾಡಿರಲಾರರು.

ಹಾಗೆಂದು ಏನು ಮಾಡಿದರೂ ಸರಿ ಎನ್ನಲಾರೆ. ಸೋರುವ ಮಾಳಿಗೆಯ ಪದ ಮೈಮರೆತ ಮನಸ್ಸನ್ನು ಕುರಿತದ್ದು. ಮೇಲೆ ಹತ್ತಿ ಸರಿಮಾಡುವವರಿಲ್ಲ ಎಂಬ ಚಿಂತೆ ಅದರದು. ಅದನ್ನು ಕೇಳುತ್ತ ಸಾವಿರ ಜನ ಮೈಮರೆತು ಕುಣಿಯುವುದನ್ನು ಕಂಡರೆ ಅಜ್ಜ ನಕ್ಕಾನು. ಆದರೆ ಭಜನೆಯಲ್ಲಿ ಅರ್ಧ ನಿದ್ದೆಯಲ್ಲಿ ಪಲ್ಲವಿ ಒಪ್ಪಿಸುವವರನ್ನು ಕಂಡೂ ನಕ್ಕಾನು. ತಪ್ಪನ್ನು ವಾದ್ಯದ ತಲೆಗೆ ಕಟ್ಟುವುದು ಸುಲಭ.

ನನ್ನ ಅಂಜಿಕೆ ಇರುವುದು ಬೇರೆ ಕಡೆ. ಬೆನ್ನಿಗೆ ತಟ್ಟೆಯಿರದ ಹಾಡು ಇನ್ನೊಂದು ಬಾಯಿ, ಇನ್ನೊಂದು ಧಾಟಿ ಸಿಕ್ಕಷ್ಟು ದಿನ ಬದುಕುತ್ತದೆ. ಗಿಟಾರಿನ ಧಾಟಿ ಅದಕ್ಕೆ ಇನ್ನೊಂದು ಬಾಯಿ, ಶತ್ರುವಲ್ಲ. ಅದೇ ಧಾಟಿಯೋ ಅಶ್ವತ್ಥರದೋ ಪ್ರತಿ ಮೊಬೈಲಿನಲ್ಲೂ ಕೂತು, ಉಳಿದವೆಲ್ಲ ತಪ್ಪು ಎಂಬಂತಾದಾಗ ಪದ ಒಂದೇ ಕಡೆ ನಿಂತುಬಿಡುತ್ತದೆ. ಸುಪ್ರೀಮ್ಸ್‌ಗೆ ಈ ಭಯವಿರಲಿಲ್ಲ, ಅವರ ಮೂಲ ಅಳಿಯುವಂಥದ್ದಲ್ಲ. ನಮ್ಮಲ್ಲಿ ಹೆಸರು ಮಾಡಿದ ಮರುರೂಪವೇ ಮೂಲದ ಗದ್ದುಗೆ ಏರುತ್ತದೆ, ಏರಿದ ಮೇಲೆ ಇಳಿಯುವುದಿಲ್ಲ.

ಶಿಶುನಾಳದ ತಾಲೂಕಿನದೇ ಊರು ಹಿರೇಬೆಂಡಿಗೇರಿ. ಅಲ್ಲಿಯ ಭಜನೆಯವರು ನಾಳೆ ತಮ್ಮ ಹಿರಿಯರಿಂದ ಬಂದ ಮಟ್ಟಿನಲ್ಲಿ ಇದೇ ಪದ ಎತ್ತಿಕೊಂಡರೆನ್ನಿ. ಬೆಂಗಳೂರಿನ ಕೇಳುಗ ‘ಧಾಟಿ ತಪ್ಪಿತಲ್ಲ’ ಎಂದಾನು, ಅವನಿಗೆ ಉತ್ತರ ಕೊಡಲು ಹೆದರಿ ಅವರೂ ಕ್ಯಾಸೆಟ್ಟಿನ ಧಾಟಿಗೇ ಹೊರಳಿಯಾರು. ಗಿಟಾರಿನವರನ್ನು ಬೈಯುತ್ತಿರುವವರು ಈ ಹೊರಳಾಟದ ಬಗ್ಗೆ ಒಂದು ಮಾತೂ ಆಡಿಲ್ಲ.