ಕೃತ, ಕಾರಿತ, ಅನುಮತ: ಹಿಮದ ಅಂಗಳದಲ್ಲಿ ಕಂಡದ್ದು

ಹಿಂಸೆಯನ್ನು ತಾನೇ ಮಾಡುವುದು ಕೃತ. ಇನ್ನೊಬ್ಬರಿಂದ ಮಾಡಿಸುವುದು ಕಾರಿತ. ಮಾಡಿದವರನ್ನು ಮೆಚ್ಚಿ ಒಪ್ಪುವುದು ಅನುಮತ. ಈ ಮೂರನ್ನು ಮನಸ್ಸು, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳಿಂದಲೂ, ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವ ರೂಢಿಯುಂಟು. ಮಣಿಗಳನ್ನು ತಪ್ಪದೆ ಎಣಿಸುವ ನಾವು ಈ ಭೇದಗಳನ್ನು ಮಾತ್ರ ನಮ್ಮ ದಿನಚರಿಯಲ್ಲಿ ಗುರುತಿಸುವುದಿಲ್ಲ. ಕೃತವನ್ನು ಪಾಪವೆಂದು ಅಂಜುವವರೂ ಅನುಮತವನ್ನು ಹಗುರವಾಗಿ ಕಾಣುತ್ತಾರೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಕಲಿಸುವವನು ಬಾಯಿಂದ ಹೇಳಿಕೊಡದೆ, ತನ್ನ ನಡತೆಯಿಂದ ಮಾತ್ರ ಕಲಿಸಿದ ತಪ್ಪಿಗೆ ಅವನು ಹೊಣೆಯೇ? ತಾನೇ ತಪ್ಪಿದವನಿಗೆ ಕಲಿಸುವ ಅಧಿಕಾರ ಉಳಿಯುತ್ತದೆಯೇ? ಈ ಪ್ರಶ್ನೆಗಳನ್ನು ನನ್ನ ಮುಂದೆ ಇಟ್ಟವನು ಪಂಡಿತನಲ್ಲ. ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಐಸ್ ಹಾಕಿ ಆಡುವ ಹದಿನಾರು ವರ್ಷದ ಒಬ್ಬ ಹುಡುಗ. ಮಗಳ ಮನೆಯಲ್ಲಿ ನಾನು ಒಂದು ಚಳಿಗಾಲವನ್ನು ಕಳೆದಾಗ, ಎಂಟು ವರ್ಷದ ಮೊಮ್ಮಗನ ಅಭ್ಯಾಸವನ್ನು ನೋಡಲು ಪ್ರತಿ ಶನಿವಾರ ಅಳಿಯನೊಡನೆ ಹೋಗುತ್ತಿದ್ದೆ. ಆ ಪುಟ್ಟ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವವರಲ್ಲಿ ಈ ಹುಡುಗನೂ ಒಬ್ಬನಾಗಿದ್ದನು.

ಆಟದ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಹೆಪ್ಪುಗಟ್ಟಿಸಿದ ನೀರಿನ ಅಂಗಳ. ಸುತ್ತಲೂ ಹಲಗೆಯ ಗೋಡೆ. ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ, ಕೈಯಲ್ಲಿ ಕೋಲು. ಚೆಂಡಿನ ಬದಲು ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ ರಬ್ಬರಿನ ಬಿಲ್ಲೆ. ಅದನ್ನು ಪಕ್ ಎನ್ನುತ್ತಾರೆ. ಬೆಳೆದ ಹುಡುಗರ ಸ್ಪರ್ಧೆಗಳಲ್ಲಿ, ಪಕ್ ಯಾರ ಬಳಿ ಇದೆಯೋ ಅವನನ್ನು ಭುಜದಿಂದಲೋ ಸೊಂಟದಿಂದಲೋ ಡಿಕ್ಕಿ ಹೊಡೆದು ಪಕ್ಕಿನಿಂದ ಬೇರ್ಪಡಿಸಲು ನಿಯಮವೇ ಅವಕಾಶ ಕೊಡುತ್ತದೆ. ಆದರೆ ಬೆನ್ನ ಹಿಂದಿನಿಂದ ಡಿಕ್ಕಿ ಹೊಡೆಯುವುದು ಘೋರ ಅಪರಾಧ. ಬರುವ ಪೆಟ್ಟನ್ನು ಕಾಣದವನು ತಲೆ ಮುಂದಾಗಿ ಹಲಗೆಗೆ ಅಪ್ಪಳಿಸಿದರೆ ಕತ್ತಿನ ಎಲುಬು ಮುರಿಯಬಹುದು. ಈ ಎಚ್ಚರಿಕೆಗಾಗಿ ಅಲ್ಲಿ ಅನೇಕ ಮಕ್ಕಳ ಅಂಗಿಯ ಬೆನ್ನಿನ ಮೇಲೆ, ರಸ್ತೆಯಲ್ಲಿ ಕಾಣುವಂತಹ 'ನಿಲ್ಲು' ಎಂಬ ಕೆಂಪು ಚಿಹ್ನೆಯನ್ನು ಹೊಲಿದಿರುತ್ತಾರೆ.

ಇಂತಹ ಆಟಕ್ಕೆ ಶ್ರಾವಕರ ಮನೆಯ ಮಗುವನ್ನು ಕಳುಹಿಸಬಹುದೇ ಎಂದು ಮೊದಲಿಗೆ ನಾನು ಶಂಕಿಸಿದೆನು. ಆದರೆ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕಷಾಯಕ್ಕೆ ವಶವಾದ, ಎಚ್ಚರವಿಲ್ಲದ ಪ್ರವೃತ್ತಿಯಿಂದ ಪ್ರಾಣಗಳಿಗೆ ಆಗುವ ಘಾತವೇ ಅವರು ಹೇಳುವ ಹಿಂಸೆ. ಸ್ಪರ್ಧೆಯೆಲ್ಲವೂ ತ್ಯಾಜ್ಯವೆಂದು ನಮ್ಮ ಪುರಾಣವೂ ಹೇಳುವುದಿಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ ಜನಸಂಹಾರವನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ನಿಯಮಬದ್ಧ ಸ್ಪರ್ಧೆಗಳು ಗೊತ್ತಾದವು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತನಾದರೋ ಮಾನಕಷಾಯದಿಂದ ಕುದಿದು, ಗೊತ್ತಾದ ನಿಯಮವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದನು. ದೋಷವು ಸ್ಪರ್ಧೆಯಲ್ಲಿ ಅಲ್ಲ, ಸೋಲನ್ನು ಸಹಿಸದ ಕಷಾಯದಲ್ಲಿ ಎಂಬುದನ್ನು ಗಮನಿಸಬೇಕು.

ಹಾಗೆಂದು ನಿಯಮವಿದ್ದ ಮಾತ್ರಕ್ಕೆ ಎಲ್ಲವೂ ನಿರ್ದೋಷವಾಗದು. 2010ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನವು ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಆಟವನ್ನು ಎರಡು ಪ್ರಾಂತಗಳಲ್ಲಿ ಹೋಲಿಸಿತು. ಆ ವಯಸ್ಸಿನಲ್ಲಿ ಡಿಕ್ಕಿಗೆ ಅವಕಾಶವಿದ್ದ ಆಲ್ಬರ್ಟಾದ ಮಕ್ಕಳಿಗೆ, ಅವಕಾಶವಿಲ್ಲದ ಕ್ವಿಬೆಕ್ಕಿನ ಮಕ್ಕಳಿಗಿಂತ ಗಾಯದ ಸಂಭವವೂ ಮಿದುಳಿನ ಆಘಾತದ ಸಂಭವವೂ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. 2013ರಲ್ಲಿ ಕೆನಡಾದ ರಾಷ್ಟ್ರೀಯ ಹಾಕಿ ಸಂಸ್ಥೆಯು ಆ ವಯಸ್ಸಿನ ಮಕ್ಕಳ ಆಟದಿಂದ ಡಿಕ್ಕಿಯನ್ನು ತೆಗೆದುಹಾಕಿತು. ಹಿರಿಯರು ತಮ್ಮ ಅನುಮತವನ್ನು ಹಿಂತೆಗೆದುಕೊಂಡುದಕ್ಕೆ ಇದು ಒಂದು ಒಳ್ಳೆಯ ದೃಷ್ಟಾಂತ.

ಈಗ ಆ ಹುಡುಗನ ವಿಷಯಕ್ಕೆ ಬರೋಣ. ಒಂಟಾರಿಯೊದಲ್ಲಿ ಪ್ರೌಢಶಾಲೆಯನ್ನು ಮುಗಿಸಬೇಕಾದರೆ ವಿದ್ಯಾರ್ಥಿಯು 40 ಗಂಟೆಗಳ ಸಮಾಜಸೇವೆ ಮಾಡಿರಬೇಕು. ಅದಕ್ಕೆಂದು ಮಕ್ಕಳಿಗೆ ಕಲಿಸಲು ಬಂದವನು ಗಂಟೆಗಳು ತುಂಬಿದ ಮೇಲೂ ಬರುವುದನ್ನು ಬಿಟ್ಟಿರಲಿಲ್ಲ. ಅವನು ಮೊದಲು ಕಲಿಸುತ್ತಿದ್ದುದು ಓಡುವುದನ್ನಲ್ಲ. ಬೀಳುವುದನ್ನು, ಬಿದ್ದು ಏಳುವುದನ್ನು, ವೇಗದಲ್ಲಿದ್ದಾಗ ನಿಲ್ಲುವುದನ್ನು. ಮುಂದಿರುವವನ ಬೆನ್ನು ಕಂಡರೆ ತಕ್ಷಣ ನಿಲ್ಲಬೇಕೆಂಬುದನ್ನು ಒಂದು ಆಟವನ್ನಾಗಿ ಮಾಡಿ ದಿನವೂ ಆಡಿಸುತ್ತಿದ್ದನು. ಅವನ ಮಾತೆಂದರೆ ನನ್ನ ಮೊಮ್ಮಗನಿಗೆ ವೇದವಾಕ್ಯ.

ಒಂದು ಸಂಜೆ ಅವನ ಸ್ವಂತ ತಂಡದ ಪಂದ್ಯವಿತ್ತು. ಪುಟ್ಟ ಶಿಷ್ಯರೆಲ್ಲರೂ ನೋಡಲು ಬಂದಿದ್ದರು, ನಾನೂ ಇದ್ದೆನು. ಅವನ ತಂಡವು ಎರಡು ಗೋಲುಗಳಿಂದ ಹಿಂದಿತ್ತು. ಎದುರಾಳಿಯೊಬ್ಬನು ಅವನಿಂದ ಪಕ್ಕನ್ನು ಕಸಿದು ಗೋಡೆಯ ಕಡೆಗೆ ಹೋದನು. ಹುಡುಗನು ಬೆನ್ನಟ್ಟಿ ಹೋಗಿ ಹಿಂದಿನಿಂದಲೇ ಬಡಿದನು. ಹಲಗೆಯ ಶಬ್ದಕ್ಕೆ ಮಕ್ಕಳು ಕೇಕೆ ಹಾಕಿದರು. ನಾನು ಚಪ್ಪಾಳೆ ತಟ್ಟಿದೆನು. ನಿಯಮ ತಿಳಿಯದೆ ತಟ್ಟಿದೆನೆಂದು ಹೇಳುವಂತಿಲ್ಲ. ಆ ಹೊತ್ತಿಗೆ ನನಗೆ ಚೆನ್ನಾಗಿಯೇ ತಿಳಿದಿತ್ತು. ಬಿದ್ದವನು ಕೂಡಲೇ ಏಳಲಿಲ್ಲ. ರೆಫರಿಯು ಹುಡುಗನನ್ನು ಪಂದ್ಯದಿಂದ ಹೊರಗೆ ಕಳುಹಿಸಿದನು. ಪೆಟ್ಟು ತಿಂದವನಿಗೆ ಮಿದುಳಿನ ಆಘಾತವಾಗಿತ್ತೆಂದೂ, ಮೂರು ವಾರ ಶಾಲೆಗೂ ಹೋಗಲಾಗಲಿಲ್ಲವೆಂದೂ ಅನಂತರ ತಿಳಿಯಿತು.

ಮುಂದಿನ ಶನಿವಾರದ ಅಭ್ಯಾಸದಲ್ಲಿ, ಏಳು ವರ್ಷದ ಒಂದು ಮಗು ಇನ್ನೊಂದನ್ನು ಹಿಂದಿನಿಂದ ತಳ್ಳಿ ಬೀಳಿಸಿ, ಗುರುವಿನ ಕಡೆ ತಿರುಗಿ ನಕ್ಕಿತು. ಮೆಚ್ಚುಗೆಯನ್ನು ನಿರೀಕ್ಷಿಸಿದ ಆ ನಗೆಯಲ್ಲಿ ಕಾರಿತದ ಅರ್ಥವೆಲ್ಲ ಅಡಗಿತ್ತು. ತಿಂಗಳುಗಟ್ಟಲೆ ಮಾತಿನಿಂದ ಕಲಿಸಿದುದನ್ನು ಒಂದು ಕ್ಷಣದ ನಡತೆ ಅಳಿಸಿಹಾಕಿತ್ತು. ನಾನು ಅವನಿಗೆ ಅದನ್ನು ಹೇಳಿಕೊಡಲಿಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿರಲಿಲ್ಲ. ಗುರುಸ್ಥಾನದಲ್ಲಿ ನಿಂತವನಿಗೆ ಖಾಸಗಿ ಎಂಬ ಕೃತವಿಲ್ಲ. ಅವನ ಕೃತವೆಲ್ಲ ಶಿಷ್ಯನ ಕಣ್ಣಿನಲ್ಲಿ ಉಪದೇಶವೇ ಆಗುತ್ತದೆ.

ಹುಡುಗನು ಮಕ್ಕಳನ್ನೆಲ್ಲ ಕರೆದು, ಅವರ ಎತ್ತರಕ್ಕೆ ಮೊಣಕಾಲೂರಿ ಕುಳಿತನು. ತಾನು ಮಾಡಿದ್ದು ತಪ್ಪೆಂದೂ, ಸೋಲುತ್ತಿದ್ದ ಸಿಟ್ಟಿನಲ್ಲಿ ಮಾಡಿದೆನೆಂದೂ, ಒಬ್ಬನಿಗೆ ನೋವಾಗಿದೆಯೆಂದೂ, ಅವನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆನೆಂದೂ ಹೇಳಿದನು. ಕಾರಣಗಳನ್ನು ಹುಡುಕಲಿಲ್ಲ. ಅನಂತರ ಮುಖ್ಯ ತರಬೇತುದಾರರ ಬಳಿ ಹೋಗಿ, ಇನ್ನು ತಾನು ಕಲಿಸಲು ಬರುವುದಿಲ್ಲವೆಂದನು. ಅವರು ಒಪ್ಪಲಿಲ್ಲ. ಮಕ್ಕಳು ನೋಡಿ ಕಲಿತುದನ್ನು ಮರೆಸುವ ಕೆಲಸ ನಿನ್ನದೇ ಎಂದರು.

ಅಂದು ಜೊತೆಯಲ್ಲಿದ್ದ ಪಾಲಕರಲ್ಲಿ ಎರಡು ಅಭಿಪ್ರಾಯಗಳಿದ್ದವು. ಅವನನ್ನು ತೆಗೆದುಹಾಕಬೇಕಿತ್ತೆಂದು ಕೆಲವರು. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು ಗೌರವವನ್ನು ಕಳೆದುಕೊಳ್ಳಬಾರದಿತ್ತೆಂದು ಕೆಲವರು. ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಬಲ್ಲವರು ಇವೆರಡಕ್ಕೂ ಉತ್ತರ ಹೇಳಬಲ್ಲರು. ದಾರಿ ತಪ್ಪಿದವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಆ ತರಬೇತುದಾರರು ಹೆಸರರಿಯದೆಯೇ ಅದನ್ನು ಆಚರಿಸಿದರು. ದೋಷವನ್ನು ಮುಚ್ಚುವ ಉಪಗೂಹನವೂ ಒಂದು ಅಂಗವೇ ನಿಜ. ಆದರೆ ಅದು ಅನ್ಯರ ದೋಷಕ್ಕೆ ಹೇಳಿದ್ದು. ಸ್ವಂತ ದೋಷಕ್ಕೆ ಹೇಳಿರುವುದು ಆಲೋಚನೆ ಮತ್ತು ಪ್ರತಿಕ್ರಮಣ. ನಾವು ಇದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ನಮ್ಮದನ್ನು ಮುಚ್ಚಿ ಪರರದ್ದನ್ನು ಬಯಲು ಮಾಡುತ್ತೇವೆ.

ತಪ್ಪೊಪ್ಪಿಗೆಯಿಂದ ಪೆಟ್ಟು ತಿಂದವನ ಮೂರು ವಾರಗಳು ಹಿಂದಿರುಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮಾಡಿದ ಕರ್ಮವು ಮಾತಿನಿಂದ ಅಳಿಯದು. ಆದರೆ ಅದು ಮುಂದಿನ ಪೀಳಿಗೆಗೆ ಹರಿದು ಕಾರಿತವಾಗುವುದನ್ನು ಮಾತು ತಡೆಯಬಲ್ಲದು. ತಪ್ಪದವನೇ ಕಲಿಸಬೇಕೆಂದರೆ ಲೋಕದಲ್ಲಿ ಗುರುಗಳೇ ಇರಲಾರರು. ತಪ್ಪನ್ನು ಮುಚ್ಚಿಟ್ಟವನು ಮಾತ್ರ ಕಲಿಸಲು ಅನರ್ಹನು.

ಇನ್ನು ಉಳಿದದ್ದು ನನ್ನ ಅನುಮತ. ಹುಡುಗನು ಸಿಟ್ಟಿನಲ್ಲಿದ್ದನು, ನನಗಾದರೋ ಯಾವ ಸಿಟ್ಟೂ ಇರಲಿಲ್ಲ. ಬೆಚ್ಚಗೆ ಕುಳಿತು, ಇನ್ನೊಬ್ಬನ ಪೆಟ್ಟಿನಲ್ಲಿ ಸಂತೋಷಪಟ್ಟಿದ್ದೆನು. ಹದಿನಾರರ ಬಾಲಕನು ಮಾಡಿದುದನ್ನು ಎಪ್ಪತ್ತರ ನಾನು ಮಾಡಲು ಎರಡು ದಿನ ಹಿಡಿಯಿತು. ಸೋಮವಾರ ರಾತ್ರಿ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು, ಅಂದು ನಾನು ಚಪ್ಪಾಳೆ ತಟ್ಟಿದ್ದು ತಪ್ಪಾಯಿತು ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ತಟ್ಟಿದಿರಿ ಅಂತಲೇ ನಾನೂ ಕೂಗಿದೆ, ಅಜ್ಜ" ಎಂದನು.